ಎರಡು ಚುಕ್ಕಿ, ಒಂದು ಗೆರೆ: ನಮ್ಮ ಶಾಲೆಯ ಲಾಂಛನವನ್ನು ಗಣಕದಲ್ಲಿ ಬರೆದ ಬಗೆ

ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನಲ್ಲಿ ಕೇಳಿದ್ದು ಶಾಲೆಯ ಲಾಂಛನದ ಒಂದು ಸ್ವಚ್ಛ ಪ್ರತಿಯನ್ನು ಮಾತ್ರ. ಮುಖಪುಟಕ್ಕೆ ಬೇಕಿತ್ತು. ಅದನ್ನು ಗಣಕಯಂತ್ರದಲ್ಲಿ ಹೊಸದಾಗಿ ಬರೆದುಕೊಟ್ಟ ಮೇಲೆ, ಬರೆದ ಬಗೆಯನ್ನೂ ಒಂದು ಪಾಠದ ರೂಪದಲ್ಲಿ ಕೊಡಬೇಕೆಂದರು. ಲೇಖಕನೆನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಮಂಗಳೂರಿನಲ್ಲಿ ಕಟ್ಟಡಗಳ ನಕ್ಷೆ ಬರೆದು ಹೊಟ್ಟೆ ಹೊರೆದವನು ನಾನು. ಮೊದಲಿನ ವರ್ಷಗಳಲ್ಲಿ ಹಲಗೆ, ಟಿ-ಸ್ಕ್ವೇರು, ಟ್ರೇಸಿಂಗ್ ಕಾಗದ, ಮಸಿಪೆನ್ನುಗಳೇ ನಮ್ಮ ಸಾಮಗ್ರಿ. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಮೆಲ್ಲನೆ ಕೆರೆದು ತೆಗೆಯುತ್ತಿದ್ದೆವು. ಅನಂತರದ ವರ್ಷಗಳೆಲ್ಲ ಗಣಕದ ಮುಂದೆ ಕಳೆದವು. ಗೆರೆಯ ವಿಷಯ ಬಿಟ್ಟರೆ ನನಗೆ ಬೇರೆ ವಿಷಯ ತಿಳಿಯದು. ಆದುದರಿಂದ ಈ ಬರಹವೂ ಗೆರೆಯನ್ನು ಕುರಿತದ್ದೇ.

ಲಾಂಛನವನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಆದರೂ ಪಾಠಕ್ಕೆ ಬೇಕಾದಷ್ಟು ವಿವರಿಸುತ್ತೇನೆ. ಹೊರಗೆ ಒಂದರೊಳಗೊಂದು ಎರಡು ವೃತ್ತಗಳು. ನಡುವಣ ಪಟ್ಟಿಯಲ್ಲಿ ಶಾಲೆಯ ಹೆಸರು. ಒಳಗೆ ತೆರೆದಿಟ್ಟ ಪುಸ್ತಕ, ಅದರ ಹಿಂದಿನಿಂದ ಮೇಲೇಳುವ ಅರ್ಧ ಸೂರ್ಯ, ಸೂರ್ಯನಿಗೆ 11 ಕಿರಣಗಳು. ಎಡಕ್ಕೆ ಉರಿಯುವ ಕಾಲುದೀಪ, ಬಲಕ್ಕೆ ಒಂದು ಅಡಿಕೆ ಮರ. ಶಾಲೆ ಆರಂಭವಾದ ವರ್ಷವೇ ನಮ್ಮ ಡ್ರಾಯಿಂಗ್ ಮಾಷ್ಟ್ರು ಕೈವಾರವನ್ನೂ ಮಸಿಪೆನ್ನನ್ನೂ ಹಿಡಿದು ಬರೆದ ಚಿತ್ರವದು. ಅದರಿಂದ ಸತುವಿನ ಬ್ಲಾಕು ಮಾಡಿಸಿ ವರ್ಷಗಟ್ಟಲೆ ಮುದ್ರಿಸಿದರು. ಮೂಲಚಿತ್ರ ಎಲ್ಲಿ ಹೋಯಿತೆಂದು ಬಲ್ಲವರಿಲ್ಲ. ಮೊಳೆ ಜೋಡಿಸುವ ಮುದ್ರಣ ನಿಂತು ಆಫ್‌ಸೆಟ್ ಬಂದಾಗ ಬ್ಲಾಕು ಗುಜರಿಗೆ ಸೇರಿತಂತೆ. ಅಲ್ಲಿಂದೀಚೆಗೆ ನಡೆದದ್ದು ಜೆರಾಕ್ಸಿನ ಜೆರಾಕ್ಸು. ಪ್ರತಿ ಸಲವೂ ಗೆರೆ ತುಸು ದಪ್ಪವಾಗುತ್ತ ಬಂದು, ಕೊನೆಗೆ ಸೂರ್ಯನ ಕಿರಣಗಳು ಒಂದಕ್ಕೊಂದು ಅಂಟಿಕೊಂಡು ಬೀಸಣಿಗೆಯಂತಾಗಿದ್ದವು.

ಕೆಲವು ವರ್ಷಗಳ ಹಿಂದಿನ ವಾರ್ಷಿಕೋತ್ಸವಕ್ಕೆ ವೇದಿಕೆಯ ಹಿಂದೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ಹಳೆಯ ಪ್ರೋಗ್ರೆಸ್ ಕಾರ್ಡಿನಲ್ಲಿದ್ದ ಒಂದು ಇಂಚಿನ ಲಾಂಛನವನ್ನು 4 ಅಡಿ ಅಗಲಕ್ಕೆ ಹಿಗ್ಗಿಸಿದ್ದರು. ವೃತ್ತದ ಅಂಚು ಮೆಟ್ಟಿಲುಮೆಟ್ಟಿಲಾಗಿತ್ತು. ದೀಪದ ಕುಡಿ ಹೆಡೆಯೆತ್ತಿದ ಹಾವಿನಂತೆ ತೋರುತ್ತಿತ್ತು. ನಿವೃತ್ತರಾಗಿದ್ದ ಮಾಷ್ಟ್ರು ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಬಹಳ ಹೊತ್ತು ಅದನ್ನೇ ನೋಡಿ, “ಇದು ಯಾವ ಶಾಲೆಯದ್ದು ಮಾರಾಯ?” ಎಂದು ಕೇಳಿದರು. ತಮಾಷೆಗೆ ಕೇಳಿದರೋ, ಕಣ್ಣು ಮಂದವಾಗಿ ನಿಜವಾಗಿಯೇ ಕೇಳಿದರೋ ನನಗೆ ತಿಳಿಯಲಿಲ್ಲ. ಸರಿಮಾಡಿಕೊಡುತ್ತೇನೆಂದು ಅಂದೇ ಹೇಳಿದೆ. ಮರುವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರಿದ್ದಾಗಲೇ ಮಾಡಬೇಕಾಗಿದ್ದ ಕೆಲಸವನ್ನು ಈಗ ಮಾಡಿದ್ದೇನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ಫ್ಲೆಕ್ಸ್ ಏಕೆ ಕೆಟ್ಟಿತೆಂಬ ಲೆಕ್ಕದಿಂದಲೇ ಪಾಠವನ್ನು ತೊಡಗಬಹುದು. ಸ್ಕ್ಯಾನರು ಒಂದು ಇಂಚನ್ನು 300 ಚೌಕಗಳಾಗಿ ಒಡೆದು, ಒಂದೊಂದು ಚೌಕದ ಬಣ್ಣವನ್ನು ಬರೆದಿಟ್ಟುಕೊಂಡಿತ್ತು. 4 ಅಡಿ ಎಂದರೆ 48 ಇಂಚು. ಅದೇ 300 ಚೌಕಗಳನ್ನು 48 ಇಂಚಿಗೆ ಹರಡಿದರೆ ಒಂದೊಂದು ಚೌಕವೂ ಸುಮಾರು 4 ಮಿಲಿಮೀಟರ್, ಅಂದರೆ ಒಂದು ಹೆಸರುಕಾಳಿನಷ್ಟು ಆಗುತ್ತದೆ. ಹೆಸರುಕಾಳುಗಳನ್ನು ಜೋಡಿಸಿ ದೀಪದ ಕುಡಿಯನ್ನು ಬರೆಯಹೊರಟರೆ ಹಾವಾಗದೆ ಇನ್ನೇನಾದೀತು!

ಗಣಕದಲ್ಲಿ ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಎರಡು ಕುಲಗಳಿವೆ. ಚೌಕಗಳಿಗೆ ಬಣ್ಣ ತುಂಬುವ ಕುಲ ಒಂದು. ನಮ್ಮಲ್ಲಿ ಹಲವರು ಮೊತ್ತಮೊದಲು ಇಲಿ ಹಿಡಿದು ಗೀಚಿದ ‘ಪೈಂಟ್’ ಈ ಕುಲದ್ದು. 1996ರಲ್ಲಿ ಹೊರಬಂದ ‘ಜಿಂಪ್’ ಎಂಬ ಮುಕ್ತ ತಂತ್ರಾಂಶವೂ ಇದೇ ಕುಲದ್ದು, ಛಾಯಾಚಿತ್ರಗಳನ್ನು ತಿದ್ದಲು ಬಲು ಉಪಯುಕ್ತ. ಗೆರೆಗಳನ್ನೇ ನೆನಪಿಟ್ಟುಕೊಳ್ಳುವ ಕುಲ ಇನ್ನೊಂದು. 2003ರಲ್ಲಿ ಆರಂಭವಾದ ‘ಇಂಕ್‌ಸ್ಕೇಪ್’ ಈ ಎರಡನೆಯದಕ್ಕೆ ಸೇರಿದ್ದು. ಕೇರಳ ಸರಕಾರವು 2001ರಲ್ಲಿ ತೊಡಗಿದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ, 2017ರಿಂದ ಅದರ ಸ್ಥಾನಕ್ಕೆ ಬಂದ ‘ಕೈಟ್’, ಇವುಗಳ ಮೂಲಕ ಮುಕ್ತ ತಂತ್ರಾಂಶಗಳು ನಮ್ಮ ಶಾಲೆಯ ಗಣಕಕೊಠಡಿಗೂ ಬಂದಿವೆ. ಕಾಸು ಕೊಡಬೇಕಾಗಿಲ್ಲ. ಮನೆಯ ಗಣಕದಲ್ಲಿಯೂ ಹಾಕಿಕೊಳ್ಳಬಹುದು.

ಮೊದಲು ಸರಳರೇಖೆ. ಮಾಷ್ಟ್ರು ಕರಿಹಲಗೆಯ ಈ ತುದಿಗೊಂದು ಆ ತುದಿಗೊಂದು ಚುಕ್ಕಿಯಿಟ್ಟು ನಮ್ಮನ್ನು ಕರೆಯುತ್ತಿದ್ದರು. ಸೀಮೆಸುಣ್ಣ ಹಿಡಿದವನ ಕೈ ನಡುದಾರಿಯಲ್ಲಿ ಸೊಟ್ಟಗಾಗುವುದು ಖಂಡಿತ. “ಕೈಯನ್ನು ನೋಡಬೇಡ, ಮುಟ್ಟಬೇಕಾದ ಚುಕ್ಕಿಯನ್ನು ನೋಡು” ಎನ್ನುತ್ತಿದ್ದರು. ಗಣಕದಲ್ಲಿ ಗೆರೆಯೆಳೆಯುವವನು ಕಲಿಯಬೇಕಾದ ಮೊದಲ ಮಾತೂ ಇದೇ. ಜಿಂಪ್‌ನಲ್ಲಿ ಪೆನ್ಸಿಲನ್ನು ಆರಿಸಿ ಇಲಿಯ ಗುಂಡಿಯನ್ನು ಒತ್ತಿಹಿಡಿದು ಎಳೆದರೆ ಗೆರೆ ನಡುಗುತ್ತದೆ; ಅದು ನಮ್ಮ ಕೈಯ ನಡುಕ. ಹಾಗೆ ಎಳೆಯಬಾರದು. ಆರಂಭದ ಚುಕ್ಕಿಯಲ್ಲಿ ಒಮ್ಮೆ ಕ್ಲಿಕ್ ಮಾಡಿ ಕೈಬಿಡಬೇಕು. ಅನಂತರ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು, ಮುಟ್ಟಬೇಕಾದ ಚುಕ್ಕಿಯ ಮೇಲೆ ಇನ್ನೊಮ್ಮೆ ಕ್ಲಿಕ್ ಮಾಡಬೇಕು. ನಡುವಣ ಗೆರೆ ತಾನಾಗಿ ಬೀಳುತ್ತದೆ. ಶಿಫ್ಟಿನೊಂದಿಗೆ ಕಂಟ್ರೋಲ್ ಕೀಲಿಯನ್ನೂ ಹಿಡಿದರೆ ಗೆರೆ 15 ಡಿಗ್ರಿಗಳ ಲೆಕ್ಕದಲ್ಲಿ ಮಾತ್ರ ತಿರುಗುವುದರಿಂದ ಅಡ್ಡಗೆರೆ, ಲಂಬಗೆರೆಗಳು ಕಿಂಚಿತ್ತೂ ಓರೆಯಾಗವು. ಆಚಾರಿಯು ಮರದ ಮೇಲೆ ಮಸಿ ಹಚ್ಚಿದ ನೂಲನ್ನು ಎರಡು ಕಡೆ ಬಿಗಿದು ಹಿಡಿದು, ನಡುವೆ ಎತ್ತಿ ಬಿಡುವುದನ್ನು ಕಂಡವರಿಗೆ ಇದು ಹೊಸತೇನಲ್ಲ.

ಎರಡು ಚುಕ್ಕಿಗಳನ್ನು ಕೊಟ್ಟರೆ ನಡುವಣ ಚೌಕಗಳಲ್ಲಿ ಯಾವುದಕ್ಕೆ ಮಸಿ ತುಂಬಬೇಕೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಮಕ್ಕಳು ಗ್ರಾಫ್ ಕಾಗದದಲ್ಲಿ ಮಾಡಿನೋಡಬೇಕಾದ ಲೆಕ್ಕವಿದು. ಒಂದು ಚೌಕಕ್ಕೆ ಪೆನ್ಸಿಲಿನಿಂದ ಬಣ್ಣ ತುಂಬಿರಿ. ಅಲ್ಲಿಂದ ಬಲಕ್ಕೆ 7, ಮೇಲಕ್ಕೆ 2 ಚೌಕ ದೂರದಲ್ಲಿರುವ ಚೌಕವನ್ನು ತಲಪಬೇಕು. ನಿಜವಾದ ಸರಳರೇಖೆಯು ಬಲಕ್ಕೆ ಒಂದೊಂದು ಚೌಕ ಸರಿದಂತೆ ಮೇಲಕ್ಕೆ ಏಳರಲ್ಲಿ ಎರಡು ಪಾಲು ಏರುತ್ತದೆ. ಮೊದಲ ಹೆಜ್ಜೆಗೆ ಏರಿದ್ದು ಅರ್ಧ ಚೌಕಕ್ಕಿಂತ ಕಡಿಮೆ, ಆದುದರಿಂದ ಅದೇ ಸಾಲಿನಲ್ಲಿರಿ. ಎರಡನೆಯ ಹೆಜ್ಜೆಗೆ ಏಳರಲ್ಲಿ ನಾಲ್ಕು ಪಾಲು, ಅರ್ಧವನ್ನು ದಾಟಿತು. ಮೇಲಿನ ಸಾಲಿಗೆ ಹತ್ತಿರಿ. ಹೀಗೆಯೇ ಮುಂದುವರಿದರೆ ಕೆಳಸಾಲಿನಲ್ಲಿ 2, ನಡುಸಾಲಿನಲ್ಲಿ 4, ಮೇಲುಸಾಲಿನಲ್ಲಿ 2 ಚೌಕಗಳು ತುಂಬಿ ಗುರಿ ಮುಟ್ಟುತ್ತೀರಿ. ಭಿನ್ನರಾಶಿಯ ಗೊಡವೆಯಿಲ್ಲದೆ, ಬರಿಯ ಪೂರ್ಣಾಂಕಗಳನ್ನು ಕೂಡಿಸಿ ಕಳೆಯುವುದರಿಂದಲೇ ಇದನ್ನು ತೀರ್ಮಾನಿಸುವ ವಿಧಾನವನ್ನು ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಜ್ಯಾಕ್ ಬ್ರೆಸೆನ್‌ಹ್ಯಾಮ್ 1962ರಲ್ಲಿ ರೂಪಿಸಿದರು. 1965ರಲ್ಲಿ ಅದು ಪ್ರಕಟವಾಯಿತು. ಅವರು ರೂಪಿಸಿದ್ದು ಪೆನ್ನಿನಿಂದ ಕಾಗದದ ಮೇಲೆ ಬರೆಯುವ ಪ್ಲಾಟರ್ ಯಂತ್ರಕ್ಕಾಗಿ. ಪರದೆಗಳು ಬಂದ ಮೇಲೆ ಅಲ್ಲಿಯೂ ಅದೇ ವಿಧಾನ ನಡೆಯಿತು.

ಆದರೆ ಇಂತಹ ಗೆರೆ ಒಮ್ಮೆ ಬಿದ್ದ ಮೇಲೆ ಯಂತ್ರವು ಅದನ್ನು ಮರೆತುಬಿಡುತ್ತದೆ. ಉಳಿಯುವುದು ಬಣ್ಣ ತುಂಬಿದ ಚೌಕಗಳು ಮಾತ್ರ. ಗೆರೆಯನ್ನು ಹಿಡಿದು ತುಸು ಪಕ್ಕಕ್ಕೆ ಸರಿಸಲಾಗದು, ಹಿಗ್ಗಿಸಿದರೆ ಮೆಟ್ಟಿಲು. ಲಾಂಛನದ ಕೆಲಸಕ್ಕೆ ನಾನು ಎರಡನೆಯ ಕುಲವನ್ನು ಆರಿಸಿದ್ದು ಇದಕ್ಕಾಗಿ.

ಗೆರೆಯನ್ನು ಮರೆಯದ ಯಂತ್ರವನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಸಂಶೋಧನ ವಿದ್ಯಾರ್ಥಿ 1963ರಲ್ಲೇ ತೋರಿಸಿಕೊಟ್ಟಿದ್ದರು. ‘ಸ್ಕೆಚ್‌ಪ್ಯಾಡ್’ ಎಂಬುದು ಅದರ ಹೆಸರು. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಸುಮಾರಾಗಿ ಗೆರೆಗಳನ್ನು ಎಳೆದು, ಇವೆರಡು ಸಮಾಂತರವಾಗಿರಲಿ, ಇವೆರಡು ಲಂಬವಾಗಿರಲಿ ಎಂದು ಸೂಚಿಸಿದರೆ ಯಂತ್ರವೇ ಅವನ್ನು ಸರಿಪಡಿಸುತ್ತಿತ್ತು. ನಾವು ಹಲಗೆಯ ಮೇಲೆ ಸೆಟ್‌ಸ್ಕ್ವೇರು ಜಾರಿಸಿ ಜಾರಿಸಿ ಸಾಧಿಸುತ್ತಿದ್ದುದನ್ನು ಅದು ಆಜ್ಞೆ ಕೇಳಿ ಮಾಡುತ್ತಿತ್ತು. ಇಂದಿನ ಎಲ್ಲ ರೇಖಾಚಿತ್ರ ತಂತ್ರಾಂಶಗಳಿಗೂ ಅದು ಪೂರ್ವಜನೆಂದರೆ ತಪ್ಪಾಗದು.

ಇಂಕ್‌ಸ್ಕೇಪ್ ತನ್ನ ಚಿತ್ರವನ್ನು ಎಸ್.ವಿ.ಜಿ. ಎಂಬ ಕ್ರಮದಲ್ಲಿ ಕಾಪಿಡುತ್ತದೆ. 2001ರಿಂದ ಅದು ಅಂಗೀಕೃತ ಮಾನಕ. ಕಡತವನ್ನು ತೆರೆದು ಓದಿದರೆ ಅಲ್ಲಿ ಚಿತ್ರವಿರುವುದಿಲ್ಲ, ವಾಕ್ಯಗಳಿರುತ್ತವೆ. ‘ವೃತ್ತ, ಕೇಂದ್ರವು ಅಡ್ಡಕ್ಕೆ 100, ಕೆಳಕ್ಕೆ 100, ತ್ರಿಜ್ಯ 80, ಗೆರೆಯ ದಪ್ಪ 2’ ಎಂಬಂತೆ. ಅಡಿಕೆ ತೋಟಕ್ಕೆ ಹೊಂಡ ತೆಗೆಸಿದವರಿಗೆ ಈ ಭಾಷೆ ಕೂಡಲೇ ಅರ್ಥವಾಗುತ್ತದೆ. ಹೊಂಡಗಳ ಚಿತ್ರವನ್ನು ಯಾರೂ ಬರೆಯುವುದಿಲ್ಲ. ಆ ಮೂಲೆಗೊಂದು ಗೂಟ, ಈ ಮೂಲೆಗೊಂದು ಗೂಟ, ನಡುವೆ ಹಗ್ಗ, 9 ಅಡಿಗೊಂದು ಗುರುತು ಎಂದರೆ ಮುಗಿಯಿತು. ಇಡೀ ತೋಟ ಆ ಮಾತಿನಲ್ಲಿದೆ. ಒಂದೇ ಗೂಟಕ್ಕೆ ಹಗ್ಗ ಕಟ್ಟಿ ಸುತ್ತಿದರೆ ಬಾವಿಯ ಕಟ್ಟೆಗೆ ವೃತ್ತ ಸಿದ್ಧ. ವಾಕ್ಯವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಅಂಚು ಒರಟಾಗುವುದಿಲ್ಲವಷ್ಟೆ.

ಇನ್ನು ಕೆಲಸಕ್ಕೆ ಬರುತ್ತೇನೆ. ಹಳೆ ವಿದ್ಯಾರ್ಥಿಯೊಬ್ಬರ ಮನೆಯ ಪೆಟ್ಟಿಗೆಯಲ್ಲಿ ಬ್ಲಾಕಿನಿಂದ ನೇರವಾಗಿ ಮುದ್ರಿಸಿದ ಆಮಂತ್ರಣ ಪತ್ರವೊಂದು ದೊರೆಯಿತು. ಅದನ್ನು ಸ್ಕ್ಯಾನ್ ಮಾಡಿಸಿ ಇಂಕ್‌ಸ್ಕೇಪ್‌ಗೆ ತಂದೆ. ಮಸುಕಾಗಿಸಿ, ಆ ಪದರವನ್ನು ಅಲುಗಾಡದಂತೆ ಬೀಗ ಹಾಕಿದೆ. ಮೇಲೊಂದು ಹೊಸ ಪದರ. ಹಿಂದೆ ಬಟರ್ ಪೇಪರನ್ನು ಚಿತ್ರದ ಮೇಲಿಟ್ಟು ಪಿನ್ನು ಚುಚ್ಚುತ್ತಿದ್ದೆವಲ್ಲ, ಅದೇ ಇದು. ನನ್ನ ಜತೆಗೆ ಕನ್ನಡ ವಿಭಾಗದ ಹತ್ತನೆಯ ತರಗತಿಯ ಇಬ್ಬರು ಮಕ್ಕಳಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಲಿಯನ್ನು ಅವರ ಕೈಗೇ ಕೊಟ್ಟೆ.

ವೃತ್ತಕ್ಕೆ ದೀರ್ಘವೃತ್ತದ ಉಪಕರಣವನ್ನೇ ಆರಿಸಬೇಕು, ವೃತ್ತಕ್ಕೆಂದು ಬೇರೆಯದಿಲ್ಲ. ಕಂಟ್ರೋಲ್, ಶಿಫ್ಟ್ ಎರಡನ್ನೂ ಒತ್ತಿ ಹಿಡಿದು ಕೇಂದ್ರದಿಂದ ಹೊರಕ್ಕೆ ಎಳೆಯಬೇಕು. ಶಿಫ್ಟ್ ಹಿಡಿದುದರಿಂದ ನಾವು ಮೊದಲು ಒತ್ತಿದ ಜಾಗ ಕೇಂದ್ರವಾಗುತ್ತದೆ. ಕಂಟ್ರೋಲ್ ಹಿಡಿದುದರಿಂದ ಅಗಲ ಎತ್ತರಗಳು ಸಮವಾಗುತ್ತವೆ. ಇಲ್ಲಿ ಒಂದು ಎಚ್ಚರಿಕೆ: ಕಂಟ್ರೋಲ್ ಹಿಡಿದಾಗ ಒಂದಕ್ಕೆ ಎರಡು, ಒಂದಕ್ಕೆ ಮೂರು ಎಂಬ ಪ್ರಮಾಣಗಳಿಗೂ ಅದು ಹಾರಬಲ್ಲುದು. ವೃತ್ತವು ಇದ್ದಕ್ಕಿದ್ದಂತೆ ಮೊಟ್ಟೆಯಾದರೆ ಗಾಬರಿ ಬೇಡ, ಇಲಿಯನ್ನು ಸ್ವಲ್ಪ ಹಿಂದೆ ತನ್ನಿ. ಎರಡು ತ್ರಿಜ್ಯಗಳನ್ನು ಮೇಲಿನ ಪಟ್ಟಿಯಲ್ಲಿ ಅಂಕೆಯಲ್ಲಿಯೇ ಬರೆದುಬಿಡುವುದು ಎಲ್ಲಕ್ಕಿಂತ ಕ್ಷೇಮ. ಅಂಕೆಗಳಿಂದ ಜಾಗ ಸೂಚಿಸುವವರು ಇನ್ನೊಂದನ್ನು ಗಮನಿಸಬೇಕು. 2020ರಲ್ಲಿ ಬಂದ 1.0 ಆವೃತ್ತಿಯಿಂದೀಚೆಗೆ ಶೂನ್ಯಬಿಂದು ಪುಟದ ಮೇಲಿನ ಎಡಮೂಲೆಯಲ್ಲಿದ್ದು ಕೆಳಕ್ಕೆ ಎಣಿಕೆ ನಡೆಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಗಣಿತದ ಪುಸ್ತಕದಂತೆ ಕೆಳಗಿನ ಎಡಮೂಲೆಯಿಂದ ಮೇಲಕ್ಕೆ.

ವೃತ್ತ ಬಿದ್ದೊಡನೆ ಒಳಗೆಲ್ಲ ಕಪ್ಪು ತುಂಬಿ ಕೆಳಗಿನ ಚಿತ್ರ ಮಾಯವಾಯಿತು. “ಅಯ್ಯೋ, ಹೋಯ್ತು ಸರ್” ಎಂದ ಹುಡುಗ. ಹೊಸಬರೆಲ್ಲ ಎಡವುವ ಕಲ್ಲು ಇದು. ಪ್ರತಿಯೊಂದು ಆಕೃತಿಗೂ ಒಳಬಣ್ಣ ಬೇರೆ, ಅಂಚುಗೆರೆ ಬೇರೆ. ಕಂಟ್ರೋಲ್, ಶಿಫ್ಟ್, ಎಫ್ ಮೂರನ್ನೂ ಒಟ್ಟಿಗೆ ಒತ್ತಿದರೆ ಎರಡನ್ನೂ ಬದಲಿಸುವ ಫಲಕ ತೆರೆಯುತ್ತದೆ. ಒಳಬಣ್ಣ ಬೇಡವೆಂದು ಹೇಳಿ, ಅಂಚುಗೆರೆಗೆ ಕಪ್ಪನ್ನು ಕೊಟ್ಟು ದಪ್ಪವನ್ನು ನಿಗದಿಪಡಿಸಬೇಕು.

ದೀಪದ ಕಂಬಕ್ಕೂ ಪೀಠಕ್ಕೂ ಆಯತಗಳು ಸಾಕಾದವು. ಆಯತದ ಮೂಲೆಗಳು ದುಂಡಗೆ ಬರುವ ಹಠ ಹಿಡಿದರೆ, ಹಿಂದೆ ಯಾರೋ ಹಾಗೆ ಬರೆದದ್ದನ್ನು ತಂತ್ರಾಂಶ ನೆನಪಿಟ್ಟುಕೊಂಡಿದೆಯೆಂದು ತಿಳಿಯಿರಿ. ಮೇಲಿನ ಪಟ್ಟಿಯಲ್ಲಿ ಮೂಲೆಯ ತ್ರಿಜ್ಯವನ್ನು ಸೊನ್ನೆ ಮಾಡಿದರಾಯಿತು. ಅಡಿಕೆ ಮರದ ಕಾಂಡಕ್ಕೆ ಎರಡು ಉದ್ದ ಗೆರೆ, ಗಂಟುಗಳಿಗೆ ಸಣ್ಣ ಅಡ್ಡಗೆರೆಗಳು. ಗೆರೆಗೆ ಪೆನ್ನಿನ ಉಪಕರಣ: ಒಂದು ಕ್ಲಿಕ್, ಇನ್ನೊಂದು ಕ್ಲಿಕ್, ಕೊನೆಗೆ ಎಂಟರ್. ಎಂಟರ್ ಒತ್ತಲು ಮರೆತರೆ ಗೆರೆಯು ಬಾಲದಂತೆ ಇಲಿಯ ಹಿಂದೆಯೇ ಬರುತ್ತದೆ. ಹಲವು ಚುಕ್ಕಿಗಳನ್ನು ಇಡುತ್ತ ಹೋಗಿ ಕೊನೆಗೆ ಮೊದಲ ಚುಕ್ಕಿಯ ಮೇಲೆಯೇ ಕ್ಲಿಕ್ ಮಾಡಿದರೆ ಆಕೃತಿ ಮುಚ್ಚಿಕೊಳ್ಳುತ್ತದೆ, ತ್ರಿಭುಜವಾದರೂ ಸರಿ, ಬಹುಭುಜವಾದರೂ ಸರಿ. ಚುಕ್ಕಿ ರಂಗೋಲಿ ಹಾಕಿ ಅಭ್ಯಾಸವಿದ್ದ ಹುಡುಗಿಗೆ ನಾನು ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ದೀಪದ ಕುಡಿ, ಪುಸ್ತಕದ ಹಾಳೆಗಳು, ಅಡಿಕೆಯ ಸೋಗೆ ಇವು ಸರಳರೇಖೆಗೆ ಬಗ್ಗುವಂಥವಲ್ಲ. ಇದೇ ಪೆನ್ನಿನಿಂದ ಚುಕ್ಕಿಯಿಡುವಾಗ ಗುಂಡಿಯನ್ನು ಬಿಡದೆ ಎಳೆದರೆ, ಚುಕ್ಕಿಯಿಂದ ಎರಡೂ ಕಡೆಗೆ ತೆಳ್ಳನೆಯ ಹಿಡಿಕೆಗಳು ಹೊರಡುತ್ತವೆ; ಗೆರೆ ಆ ಕಡೆಗೆ ಬಾಗುತ್ತದೆ. ಹುಡುಗಿ ಹಿಡಿಕೆಯನ್ನು ಅತ್ತಿತ್ತ ಆಡಿಸಿ ನೋಡಿ, “ಸರ್, ಇದು ಸ್ಪರ್ಶರೇಖೆ ಅಲ್ವಾ?” ಎಂದಳು. ನಾನು ಒಂದು ಕ್ಷಣ ಸುಮ್ಮನಾದೆ. ಪರದೆಯ ಮೇಲಿನ ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿವೆ. ಹುಡುಗ ಆ ಪದಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದ. ಓದಿ ಮುಗಿದರೂ ಅವು ಅವನಿಗೆ ಗುಂಡಿಗಳ ಹೆಸರುಗಳು ಮಾತ್ರ. ಇವಳಾದರೋ ಇಂಗ್ಲಿಷಿನ ಹೆಸರನ್ನು ಓದುವ ಗೋಜಿಗೇ ಹೋಗದೆ, ಕನ್ನಡದ ಗಣಿತಪುಸ್ತಕದಲ್ಲಿ ಕಲಿತ ಒಂದು ಪದದಿಂದ ಅದರ ಗುಣವನ್ನೇ ಹಿಡಿದಿದ್ದಳು. ವಕ್ರರೇಖೆಯು ಚುಕ್ಕಿಯಿಂದ ಹೊರಡುವಾಗ ಹಿಡಿಕೆಯನ್ನು ಸ್ಪರ್ಶಿಸಿಕೊಂಡೇ ಹೊರಡಬೇಕೆಂಬುದು ಇದರ ನಿಯಮ. ಮೂವತ್ತು ವರ್ಷ ನಾನು ಅದನ್ನು ಹಿಡಿದು ಎಳೆದಿದ್ದೇನೆ, ಆ ಹೆಸರಿನಿಂದ ಕರೆದಿರಲಿಲ್ಲ.

ಈ ವಕ್ರರೇಖೆಗಳು ಹುಟ್ಟಿದ್ದು ಕಾರಿನ ಕಾರ್ಖಾನೆಗಳಲ್ಲಿ. ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯಲ್ಲಿದ್ದ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಇವುಗಳ ಗಣಿತವನ್ನು ಕಂಡುಕೊಂಡರು. ಕಂಪೆನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪೆನಿಯ ಪಿಯರ್ ಬೆಜಿಯೇ 1960ರ ದಶಕದಲ್ಲಿ ಸ್ವತಂತ್ರವಾಗಿ ಕಂಡುಕೊಂಡು ಪ್ರಕಟಿಸಿದುದರಿಂದ ಹೆಸರು ಅವರದಾಯಿತು. ಕಾಸ್ಟೆಲ್ಜೊ ಅವರ ಕ್ರಮವನ್ನು ಅಳತೆಪಟ್ಟಿ ಹಿಡಿದು ಯಾರೂ ಮಾಡಿನೋಡಬಹುದು. ಕಾಗದದಲ್ಲಿ ನಾಲ್ಕು ಚುಕ್ಕಿಗಳನ್ನಿಟ್ಟು ಕ್ರಮವಾಗಿ ಸೇರಿಸಿ, ಮೂರು ಗೆರೆಗಳಾದವು. ಮೂರರ ನಡುಬಿಂದುಗಳನ್ನು ಗುರುತಿಸಿ ಸೇರಿಸಿ, ಎರಡು ಗೆರೆಗಳಾದವು. ಆ ಎರಡರ ನಡುಬಿಂದುಗಳನ್ನು ಸೇರಿಸಿದರೆ ಒಂದೇ ಗೆರೆ. ಅದರ ನಡುಬಿಂದುವು ವಕ್ರರೇಖೆಯ ಮೇಲಿರುತ್ತದೆ. ಆ ಕೊನೆಯ ಗೆರೆಯೇ ಅಲ್ಲಿ ಸ್ಪರ್ಶರೇಖೆ. ನಡುವಿಗೆ ಬದಲಾಗಿ ಕಾಲು ಭಾಗ, ಮುಕ್ಕಾಲು ಭಾಗಗಳಲ್ಲಿ ಇದನ್ನೇ ಮಾಡಿದರೆ ಉಳಿದ ಬಿಂದುಗಳೂ ದೊರೆಯುತ್ತವೆ. ದೀಪದ ಕುಡಿಗೆ ನಮಗೆ ಬೇಕಾದದ್ದು ಎರಡೇ ಚುಕ್ಕಿಗಳು: ಕೆಳಗೆ ದುಂಡಗಿನದೊಂದು, ತುದಿಯಲ್ಲಿ ಚೂಪಾದದ್ದೊಂದು. ಹೊಸಬರು ಇಪ್ಪತ್ತು ಚುಕ್ಕಿಗಳನ್ನಿಟ್ಟು ಕುಡಿಯನ್ನು ಗಾಯಗೊಳಿಸುತ್ತಾರೆ. ಚುಕ್ಕಿ ಕಡಿಮೆಯಾದಷ್ಟೂ ಗೆರೆ ನಯ.

ಪಟ್ಟಿಯಲ್ಲಿ ಶಾಲೆಯ ಹೆಸರನ್ನು ದುಂಡಗೆ ಕೂರಿಸಲು, ಅಕ್ಷರಗಳನ್ನೂ ಒಂದು ವೃತ್ತವನ್ನೂ ಒಟ್ಟಿಗೆ ಆರಿಸಿ, ಅಕ್ಷರಗಳನ್ನು ಹಾದಿಯ ಮೇಲಿಡುವ ಆಜ್ಞೆ ಕೊಡಬೇಕು. ವೃತ್ತದ ಬಲತುದಿಯಿಂದ ಬರಹ ಆರಂಭವಾಗುವುದರಿಂದ, ಹೆಸರು ಮೇಲೆ ಬರುವವರೆಗೆ ವೃತ್ತವನ್ನು ತಿರುಗಿಸಿಕೊಳ್ಳಬೇಕು. ಇಷ್ಟಾದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸವನ್ನು ದಯವಿಟ್ಟು ಯಾರೂ ಮರೆಯಬಾರದು. ಹಿಂದೊಮ್ಮೆ ನಮ್ಮ ಬಹುಮಾನಪತ್ರಗಳಲ್ಲಿ ಒತ್ತಕ್ಷರಗಳೆಲ್ಲ ಮೇಲೆ ಬಂದು ಕುಳಿತು ‘ವಿದ್ಯಾ’ ಎಂಬುದು ‘ವಿದ್‌ಯಾ’ ಎಂದು ಅಚ್ಚಾಗಿತ್ತು. ಮುದ್ರಿಸಿದವರಿಗೆ ಕನ್ನಡ ಬಾರದು, ಅವರಿಗೆ ಅದು ತಪ್ಪೆಂದು ತೋರುವುದಾದರೂ ಹೇಗೆ? ಅವರ ಗಣಕದ ತಂತ್ರಾಂಶಕ್ಕೆ ಕನ್ನಡದ ಒತ್ತುಗಳನ್ನು ಕೂಡಿಸುವುದು ತಿಳಿದಿರಲಿಲ್ಲ. ಆ ಪತ್ರಗಳನ್ನು ಮಕ್ಕಳು ಇಂದಿಗೂ ಇಟ್ಟುಕೊಂಡಿದ್ದಾರೆ. ಇದಕ್ಕೆ ಪರಿಹಾರವೆಂದರೆ ಅಕ್ಷರಗಳನ್ನು ಅಕ್ಷರಗಳಾಗಿ ಕಳುಹಿಸದೆ ಗೆರೆಗಳನ್ನಾಗಿ ಮಾರ್ಪಡಿಸಿ ಕಳುಹಿಸುವುದು. ಇಂಕ್‌ಸ್ಕೇಪ್‌ನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಎಂಬ ಆಜ್ಞೆಯಿದೆ. ಆಮೇಲೆ ‘ದ್ಯಾ’ ಎಂಬುದು ಯಂತ್ರದ ಪಾಲಿಗೆ ಅಕ್ಷರವಲ್ಲ, ದೀಪದ ಕುಡಿಯಂತೆ ಬರಿಯ ವಕ್ರರೇಖೆ. ಯಾವ ಊರಿನ ಯಂತ್ರವೂ ಅದನ್ನು ಕೆಡಿಸಲಾರದು. ತಿದ್ದಲೂ ಆಗದು ಎಂಬುದು ನೆನಪಿರಲಿ. ಆದುದರಿಂದ ಅಕ್ಷರಗಳಿರುವ ಪ್ರತಿಯೊಂದನ್ನು ಬೇರೆಯಾಗಿ ಉಳಿಸಿ, ಗೆರೆಯಾದ ಪ್ರತಿಯನ್ನು ಪಿ.ಡಿ.ಎಫ್. ಮಾಡಿ ಮುದ್ರಣಕ್ಕೆ ಕೊಡಬೇಕು. ಲಾಂಛನವನ್ನು ಕುಗ್ಗಿಸುವಾಗ ಅಂಚುಗೆರೆಯ ದಪ್ಪವೂ ಜತೆಯಲ್ಲೇ ಕುಗ್ಗುವಂತೆ ಮೇಲಿನ ಪಟ್ಟಿಯಲ್ಲಿ ಒಂದು ಗುಂಡಿಯಿದೆ. ಅದು ಒತ್ತಿದೆಯೋ ಎಂದು ನೋಡಿಕೊಳ್ಳದಿದ್ದರೆ ಚಿಕ್ಕ ಲಾಂಛನ ಮಸಿಯ ಮುದ್ದೆಯಾಗುತ್ತದೆ.

ಕಿರಣಗಳನ್ನು ಕೊನೆಗೆ ಇಟ್ಟುಕೊಂಡಿದ್ದೆವು, ಎಲ್ಲಕ್ಕಿಂತ ಸುಲಭವೆಂದು. ದಿಗಂತದಿಂದ ದಿಗಂತಕ್ಕೆ 180 ಡಿಗ್ರಿ. 15 ಡಿಗ್ರಿಗೊಂದರಂತೆ ಇಟ್ಟರೆ ಎರಡು ತುದಿಗಳನ್ನು ಬಿಟ್ಟು ಸರಿಯಾಗಿ 11. ಒಂದು ಕಿರಣವನ್ನು ಬರೆದು, ಆರಿಸಿ, ಇನ್ನೊಮ್ಮೆ ಅದರ ಮೇಲೆ ಕ್ಲಿಕ್ ಮಾಡಿದರೆ ಮೂಲೆಗಳಲ್ಲಿ ತಿರುಗಿಸುವ ಬಾಣಗಳೂ ನಡುವೆ ಚಿಕ್ಕದೊಂದು ಕೂಡಿಕೆಯ ಗುರುತೂ ಕಾಣುತ್ತವೆ. ಆ ಗುರುತನ್ನು ಎಳೆದು ಸೂರ್ಯನ ಕೇಂದ್ರಕ್ಕೆ ಒಯ್ಯಬೇಕು; ಬಾವಿಕಟ್ಟೆಯ ಗೂಟವೇ ಅದು. ಆಮೇಲೆ ಕಂಟ್ರೋಲ್, ಡಿ ಒತ್ತಿ ನಕಲು ತೆಗೆದು, ಕಂಟ್ರೋಲ್ ಹಿಡಿದು ತಿರುಗಿಸಿದರೆ ನಕಲು 15 ಡಿಗ್ರಿಗೆ ತಾನಾಗಿ ನಿಲ್ಲುತ್ತದೆ. ಹುಡುಗ ಐದು ನಿಮಿಷದಲ್ಲಿ ಹನ್ನೊಂದನ್ನೂ ಮುಗಿಸಿದ.

ಹತ್ತು ಕಿರಣಗಳು ಕೆಳಗಿನ ಹಳೆಯ ಚಿತ್ರದ ಮೇಲೆ ಕೂದಲೆಳೆಯೂ ತಪ್ಪದೆ ಕುಳಿತವು. ಎಡದಿಂದ ಮೂರನೆಯದು ಕುಳಿತಿರಲಿಲ್ಲ. ಎಡ ದಿಗಂತದಿಂದ 45 ಡಿಗ್ರಿಯಲ್ಲಿ ಇರಬೇಕಾದದ್ದು ಮಾಷ್ಟ್ರ ಚಿತ್ರದಲ್ಲಿ 49 ಡಿಗ್ರಿಯಲ್ಲಿತ್ತು. ಒಂದು ಪಕ್ಕದ ಎಡೆ 19, ಇನ್ನೊಂದು ಪಕ್ಕದ್ದು 11. ಕೈತಪ್ಪಿರಬೇಕು ಎಂದುಕೊಂಡೆ. ಉಳಿದ ಹತ್ತನ್ನು ಅಷ್ಟು ಖಚಿತವಾಗಿ ಬರೆದ ಕೈ ಒಂದರಲ್ಲಿ ತಪ್ಪಿತೆಂದುಕೊಳ್ಳಲು ನನಗೆ ಹೇಗೆ ಮನಸ್ಸಾಯಿತೋ! ಯಂತ್ರ ಕೊಟ್ಟ 45 ಡಿಗ್ರಿಯನ್ನೇ ಉಳಿಸಿಕೊಂಡು ಅಂದಿನ ಕೆಲಸ ಮುಗಿಸಿದೆವು.

ಮರುದಿನ ರಕ್ಷಕ-ಶಿಕ್ಷಕ ಸಂಘದವರಿಗೆ ತೋರಿಸಲೆಂದು ಪತ್ರಶಿರೋನಾಮೆಯ ಅಳತೆಯಲ್ಲಿ, 2 ಸೆಂಟಿಮೀಟರಿಗೆ ಕುಗ್ಗಿಸಿ ಮುದ್ರಿಸಿ ನೋಡಿದಾಗ ವಿಷಯ ಹೊರಬಿತ್ತು. ಮೂರನೆಯ ಕಿರಣವು ನೇರವಾಗಿ ದೀಪದ ಕುಡಿಯ ತುದಿಗೆ ತಾಗಿತ್ತು. ಕುಡಿಯೂ ಕಿರಣವೂ ಕೂಡಿಕೊಂಡು ಒಂದು ಕತ್ತಿಯಂತೆ ಕಾಣುತ್ತಿತ್ತು. ದೀಪ ಉರಿಯುತ್ತಿರಲೇ ಇಲ್ಲ. ಸತುವಿನ ಬ್ಲಾಕಿನ ಮುದ್ರಣದಲ್ಲಿ ಮಸಿ ಹರಡುತ್ತದೆಂದು ಬಲ್ಲ ಮಾಷ್ಟ್ರು ಆ ಒಂದು ಕಿರಣವನ್ನು 4 ಡಿಗ್ರಿ ಮೇಲಕ್ಕೆ ಸರಿಸಿ ಕುಡಿಗೆ ಜಾಗ ಬಿಟ್ಟಿದ್ದರು. ಈ ಅಳತೆಯಲ್ಲಿ ಆ ಬಿಳಿಯ ಎಡೆ ಅರ್ಧ ಮಿಲಿಮೀಟರಿಗೂ ಕಡಿಮೆ.

ಮಕ್ಕಳನ್ನು ಕರೆದೆ. ಕಂಟ್ರೋಲ್ ಕೀಲಿಯನ್ನು ಬಿಟ್ಟು, ಕೆಳಗಿನ ಪಟ್ಟಿಯಲ್ಲಿ ಕಾಣುವ ಕೋನವನ್ನು ನೋಡುತ್ತ, ಹುಡುಗಿಯೇ ಕಿರಣವನ್ನು ತಿರುಗಿಸಿದಳು. ಸಭೆಯಲ್ಲಿ ಒಬ್ಬರು ಹಿರಿಯರು ದೊಡ್ಡ ಪ್ರತಿಯನ್ನು ನೋಡಿ, “ಎಲ್ಲ ಸರಿ ಉಂಟು, ಒಂದು ಕಿರಣ ಮಾತ್ರ ಓರೆ. ಕಂಪ್ಯೂಟರಿನಲ್ಲಿ ಅದನ್ನು ಸರಿಮಾಡ್ಲಿಕ್ಕೆ ಆಗುವುದಿಲ್ವಾ?” ಎಂದರು. ನಾನು ವಾದಿಸಲಿಲ್ಲ. ಎರಡು ಬಗೆಯನ್ನೂ 2 ಸೆಂಟಿಮೀಟರಿನಲ್ಲಿ ಮುದ್ರಿಸಿ ತಂದಿದ್ದೆ, ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು ಎರಡನ್ನೂ ನೋಡಿ, ಮಾಷ್ಟ್ರು ಬರೆದದ್ದನ್ನು ನನ್ನ ಕಡೆಗೆ ತಳ್ಳಿದರು. ಈ ಸಂಚಿಕೆಯ ಮುಖಪುಟದಲ್ಲಿರುವುದು ಅದೇ.

ಲಾಂಛನದ ಎರಡೂ ಕಡತಗಳು ಶಾಲೆಯ ಕಚೇರಿಯ ಗಣಕದಲ್ಲಿವೆ. ಬ್ಯಾನರಿಗೋ ಪತ್ರಕ್ಕೋ ಬೇಕಾದವರು ಅಲ್ಲಿಂದಲೇ ಪಡೆಯಬೇಕು, ಮುದ್ರಿತ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಹಿಗ್ಗಿಸಬಾರದೆಂದು ವಿನಂತಿ. ಇಂಕ್‌ಸ್ಕೇಪ್‌ನಲ್ಲಿ ಪ್ರತಿಯೊಂದು ಗೆರೆಗೂ ಹೆಸರಿಡಲು ಬರುತ್ತದೆ. ಕಡತವನ್ನು ತೆರೆದು ವಸ್ತುಗಳ ಪಟ್ಟಿಯನ್ನು ನೋಡಿದರೆ ಹುಡುಗಿ ಕನ್ನಡದಲ್ಲಿಯೇ ಬರೆದಿಟ್ಟ ಹೆಸರುಗಳು ಕಾಣುತ್ತವೆ: ಹೊರವೃತ್ತ, ಒಳವೃತ್ತ, ಪುಸ್ತಕ, ಕುಡಿ, ಕಿರಣ 1, ಕಿರಣ 2. ಮೂರನೆಯದಕ್ಕೆ ಏನು ಬರೆಯಬೇಕೆಂದು ಅವಳು ನನ್ನನ್ನು ಕೇಳಲಿಲ್ಲ. ‘ಮಾಷ್ಟ್ರ ಕಿರಣ, ಸರಿಮಾಡಬೇಡಿ’ ಎಂದು ಬರೆದಿದ್ದಾಳೆ.